ಹತ್ತು ನಿಮಿಷ ಬಿಟ್ಟು ಹೊಡೆದ ಗುಂಡು

ಲಿಖಿತ ಏರ್ ರೈಫಲನ್ನು ಪೆಟ್ಟಿಗೆಯಲ್ಲಿಟ್ಟು ಎರಡೂ ಚಿಲಕ ಹಾಕಿದಳು.

"ಸೆಲ್ವರಾಜ್ ಸಾರ್‌ಗೆ ನೀನೇ ಫೋನ್ ಮಾಡ್ಬುಡಪ್ಪ. ಭಾನುವಾರಕ್ಕೆ ನನ್ನ ಹೆಸ್ರು ಬೇಡ ಅಂತ."

ಸುಬ್ರಮಣಿ ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತು, ಮಗಳು ಆಗತಾನೇ ಹೊಡೆದ ಗುರಿ ಕಾರ್ಡುಗಳನ್ನು ತಿರುವುತ್ತಿದ್ದ. ಒಂದೊಂದರಲ್ಲೂ ಐದು ತೂತು. ನಾಲ್ಕು ಒಂದರ ಮೇಲೊಂದು ಬಿದ್ದಂತಿದ್ದರೆ, ಒಂದು ಮಾತ್ರ ಮೇಲಕ್ಕೆ ಹಾರಿರುತ್ತಿತ್ತು. ದಸರಾ ಆದಾಗಿನಿಂದ ಹೀಗೇ. ಬಂಗಾರಪೇಟೆಯ ಕ್ಲಬ್ಬಿನಲ್ಲಿ ಕಲಿಸುವ ಸೆಲ್ವರಾಜ್, ಹುಡುಗಿಯ ಮನಸ್ಸು ಎಲ್ಲೋ ಇದೆ ಎಂದಿದ್ದರು. ರಾಜ್ಯ ಮಟ್ಟಕ್ಕೆ ಆಯ್ಕೆ ಭಾನುವಾರ. ಹೆಸರಿನ ಪಟ್ಟಿ ಇವತ್ತು ನಾಲ್ಕು ಗಂಟೆಯೊಳಗೆ ಹೋಗಬೇಕಿತ್ತು.

ಸುಬ್ರಮಣಿಯೂ ಒಂದು ಮಾತು ಆಡಿದ್ದ. "ಫೋನ್ ಉಜ್ಜೋದು ಕಮ್ಮಿ ಮಾಡು, ಕೈ ತಾನಾಗೇ ನೆಟ್ಟಗಾಯ್ತದೆ." ಎರಡು ವಾರದ ಹಿಂದೆ, ಊಟಕ್ಕೆ ಕೂತಾಗ. ಅವಳು ಎದುರು ಮಾತಾಡಿರಲಿಲ್ಲ. ಮಾರನೆಯ ದಿನದಿಂದ ಫೋನನ್ನು ಅಜ್ಜಿಯ ಕೈಗೆ ಕೊಟ್ಟೇ ಅಭ್ಯಾಸಕ್ಕೆ ನಿಲ್ಲುತ್ತಿದ್ದಳು. ಗುಂಡು ಮಾತ್ರ ಮೇಲೆ ಹೋಗುವುದು ನಿಂತಿರಲಿಲ್ಲ. ಅಪ್ಪ ಮಗಳ ನಡುವೆ ಮಾತು ನಿಂತಿತ್ತು.

ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕ್ಯಾಸಂಬಳ್ಳಿಯ ಬಚ್ಚಪ್ಪ. ಸುತ್ತಿನ ಹಳ್ಳಿಗಳಲ್ಲಿ ಹಾಲು ಕರೆಯುವ ಮಿಷನ್ನು ಕೆಟ್ಟರೆ ಎಲ್ಲರೂ ಸುಬ್ರಮಣಿಯನ್ನೇ ಕರೆಯುತ್ತಿದ್ದರು.

"ಸೀಮೆ ಅಸು ಒದೀತದೆ ಕಣಪ್ಪ, ಮಿಷನ್ ಆಕಕ್ಕೇ ಬಿಡಲ್ಲ. ಮಾರ್ಬುಡಾವ ಅಂತಿವ್ನಿ."

"ಅಸು ಯಾಕ್ ಮಾರ್ತೀಯ? ಅದ್ರದೇನ್ ತಪ್ಪು?" ಈ ಮಾತನ್ನು ನೂರು ಮನೆಗಳಲ್ಲಿ ಹೇಳಿ ಅವನಿಗೆ ರೂಢಿಯಾಗಿತ್ತು. "ರೆಗ್ಯುಲೇಟರ್‌ನಾಗೆ ಕಸ ಕೂತಿರ್ತದೆ. ಮಿಷನ್ ಸುಮ್ಕಿದ್ದಷ್ಟೂ ಎಳೆತ ಏರ್ತದೆ. ಮೊದ್ಲನೇ ಎಳೆತಕ್ಕೇ ನೋವಾಗಿ..."

ಅವನು ಅಲ್ಲಿಗೇ ನಿಲ್ಲಿಸಿದ. "ಬೆಳಿಗ್ಗೆ ಬತ್ತೀನಿ" ಎಂದು ಫೋನಿಟ್ಟು, ಕಾರ್ಡುಗಳನ್ನು ಮತ್ತೆ ಕೈಗೆತ್ತಿಕೊಂಡ.

"ಪಾಪು, ಈ ಮೇಲಕ್ಕೋದ್ವಲ್ಲ, ಇವನ್ನ ಎಷ್ಟೊತ್ತು ಬಿಟ್ಟು ಒಡ್ದೆ?"

"ಜಾಸ್ತಿ ಒತ್ತು ಕಾದು ಒಡ್ದಿದ್ದೇ ಓಗಾದು." ಅವಳು ಬೇರೆಲ್ಲೋ ನೋಡುತ್ತ ಹೇಳಿದಳು. "ಉಸಿರು ಸರಿ ಮಾಡ್ಕೊಂಡು, ಮನ್ಸಿಟ್ಟು ಒಡ್ದಿದ್ದೇ."

ಸುಬ್ರಮಣಿ ಪೆಟ್ಟಿಗೆ ತೆಗೆದ. ಎರಡು ರಾಗಿ ಮೂಟೆಗಳ ನಡುವೆ ರೈಫಲನ್ನು ಅಲುಗದಂತೆ ಹೂತಿಟ್ಟ. "ನೀನ್ ಮುಟ್ಬೇಡ" ಎಂದು, ಒಂದನ್ನು ಲೆಕ್ಕಕ್ಕಿಲ್ಲದೆ ಹಲಗೆಗೆ ಹೊಡೆದು, ತಾನೇ ಬೇಗ ಬೇಗ ಐದು ಗುಂಡು ಹೊಡೆದ. ಐದಕ್ಕೂ ಸೇರಿ ಒಂದೇ ತೂತು. ಆಮೇಲೆ ಇಬ್ಬರೂ ಹತ್ತು ನಿಮಿಷ ಕಾದರು.

ಅಜ್ಜಿ ಚಿಕ್ಕವೆಂಕಟಮ್ಮ ಹುಲ್ಲಿನ ಹೊರೆ ಇಳಿಸಿ ಇಬ್ಬರನ್ನೂ ನೋಡಿದಳು. "ಏನ್ಲಾ ಸುಬ್ಬಾ, ಎಣ ಕಾಯೋರಂಗೆ ಕುಂತಿದೀರ?"

"ಸುಮ್ಕಿರಮ್ಮ."

ಆರನೆಯ ಗುಂಡು ಮೇಲಕ್ಕೆ ಹೋಯಿತು. ಮೂಟೆಗೆ ಮನಸ್ಸಿರಲಿಲ್ಲ, ಫೋನೂ ಇರಲಿಲ್ಲ.

ಲಿಖಿತ ಎದ್ದು ನಿಂತಳು.

ಅವನು ಗಾಳಿಯ ಸಿಲಿಂಡರನ್ನು ತಿರುಗಿಸಿ ತೆಗೆದ. ಒಳಗೆ ಉಳಿದ ಗಾಳಿಯೆಲ್ಲ ಖಾಲಿಯಾಗುವವರೆಗೆ ಬರಿದೇ ಟ್ರಿಗರ್ ಎಳೆದ. ನಂತರ ರೈಫಲಿನಲ್ಲೂ ಇದ್ದ ರೆಗ್ಯುಲೇಟರನ್ನು ಬಿಚ್ಚಿ, ಬಿಳಿ ಪಂಚೆಯ ಮೇಲೆ ಒಂದೊಂದೇ ಭಾಗವನ್ನು ಸಾಲಾಗಿಟ್ಟ. ಪ್ರತಿ ಗುಂಡಿಗೂ ಒಂದೇ ಅಳತೆಯ ಗಾಳಿ ಬಿಟ್ಟು ಬಾಯಿ ಮುಚ್ಚಬೇಕಾದ ಆ ಪುಟ್ಟ ಬಿಲ್ಲೆಯನ್ನು ಬೆಳಕಿಗೆ ಹಿಡಿದ. ಅದರ ಅಂಚಿನಲ್ಲಿ ಸಾಸಿವೆಯ ಕಾಲುಭಾಗದಷ್ಟು ಕೆಂಪು ಹೆಪ್ಪುಗಟ್ಟಿತ್ತು. ಬಾಯಿ ಪೂರಾ ಮುಚ್ಚದೆ, ಕಾದಷ್ಟೂ ಗಾಳಿ ಒಳಗೆ ಸೋರಿ, ಮುಂದಿನ ಗುಂಡಿಗೆ ಒತ್ತಡ ಏರುತ್ತಿತ್ತು.

ಅದು ಯಾರ ಬೆರಳಿನದು ಎಂದು ಅವನಿಗೆ ಗೊತ್ತಿತ್ತು. ಆಯುಧಪೂಜೆಯ ದಿನ ಸ್ಪ್ಯಾನರು, ಬೈಕು, ಮಿಷನ್ನು ಎಲ್ಲಕ್ಕೂ ಕುಂಕುಮ ಇಟ್ಟಮೇಲೆ, ಮಗಳ ರೈಫಲಿಗೆ ಮಾತ್ರ ಕಡಿಮೆಯಾಗಬಾರದೆಂದು ಸಿಲಿಂಡರ್ ಬಿಚ್ಚಿ, ಅದರ ಬಾಯಿಯ ಸುತ್ತಲೂ ಒದ್ದೆ ಕುಂಕುಮ ಇಟ್ಟವನು ಅವನೇ.

ಲಿಖಿತ ಬಟ್ಟೆ ತರಲು ಒಳಗೆ ಹೋಗಿದ್ದಳು. ಹೆಬ್ಬೆರಳಿನಲ್ಲಿ ಒಮ್ಮೆ ಒರೆಸಿದರೆ ಅದು ಬರೀ ಧೂಳಾಗಿಬಿಡುತ್ತಿತ್ತು. ಅವನ ಹೆಬ್ಬೆರಳು ಬಿಲ್ಲೆಯ ಅಂಚಿನವರೆಗೂ ಹೋಯಿತು. ಅಲ್ಲೇ ನಿಂತಿತು.

"ನೋಡು" ಎಂದ, ಅವಳು ಬಂದಾಗ. "ನಾನಿಟ್ಟಿದ್ದು. ಅಬ್ಬದ ದಿನ."

ಅವಳು ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಅಂಗಾದ್ರೆ ನನ್ ಫೋನು?"

"ತಪ್ಪಾಯ್ತು ಕಣಮ್ಮ. ಊರಿನ ಅಸುಗೆಲ್ಲಾ ನ್ಯಾಯ ಏಳ್ದೆ, ನಿಂಗೊಂದು ಏಳ್ಲಿಲ್ಲ."

"ನನ್ನ ಅಸುಗಿಂತ ಕಡೆ ಮಾಡ್ಬುಟ್ಯಲ್ಲಪ್ಪ" ಎಂದಳು. ತುಟಿಯ ಕೊನೆಯಲ್ಲಿ ನಗುವಿನಂಥದೊಂದು ಅಲುಗಿತು.

"ಅದ್ಸರಿ," ಎಂದಳು ಅಜ್ಜಿ, "ಬೈಕಿಗೂ ಬಳ್ದಿದ್ದಲ್ಲ, ಅದೆಂಗಲಾ ಓಡ್ತಾ ಅದೆ?"

ಬಿಲ್ಲೆಯ ಒಂದು ಮುಖದಲ್ಲಿ ಸಣ್ಣ ಗುಳಿ ಬಿದ್ದಿತ್ತು. ಅವನು ಎಲ್ಲವನ್ನೂ ಒರೆಸಿ, ಅದನ್ನು ಮಗ್ಗುಲು ಬದಲಿಸಿ ಹೊಸ ಮುಖ ಒಳಗೆ ಬರುವಂತೆ ಕೂರಿಸಿದ. ಜೋಡಿಸಿ, ಸಿಲಿಂಡರ್ ಹಾಕಿ, ಮತ್ತೆ ಹತ್ತು ನಿಮಿಷ ಬಿಟ್ಟ. ಅಷ್ಟರಲ್ಲಿ ಸೆಲ್ವರಾಜ್ ಫೋನು ಬಂತು.

"ಏನ್ ಪಾ ಸುಬ್ರಮಣಿ, ಪಟ್ಟಿ ಕಳಿಸ್ಬೇಕು. ಪಾಪು ಹೆಸ್ರು ಇರ್ಲಾ, ಬೇಡ್ವಾ?"

ಸುಬ್ರಮಣಿ ಫೋನನ್ನು ಮಗಳಿಗೆ ಕೊಟ್ಟ. "ಒಂದ್ನಿಮ್ಷ ಸಾರ್" ಎಂದು ಅವಳು ಅದನ್ನು ಮೂಟೆಯ ಮೇಲಿಟ್ಟು, ರೈಫಲನ್ನು ತನ್ನ ಕೈಗೆ ತೆಗೆದುಕೊಂಡು ನಿಂತಳು. ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು. "ಅಲೋ, ಅಲೋ" ಎನ್ನುತ್ತಿತ್ತು ಫೋನು. ಬೇಗ ಹೊಡಿ ಎನ್ನಲು ಸುಬ್ರಮಣಿಯ ಬಾಯಿ ತುರಿಸಿತು. ಹಲ್ಲು ಕಚ್ಚಿ ಸುಮ್ಮನಿದ್ದ. ಅವಳು ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡಳು.

ಟಪ್ಪೆಂದಿತು.

ಲಿಖಿತ ಕಾರ್ಡಿನ ಕಡೆ ಹೋಗಲಿಲ್ಲ. ಫೋನು ಎತ್ತಿ, "ಇರ್ಲಿ ಸಾರ್, ಹೆಸ್ರು ಇರ್ಲಿ" ಎಂದಳು.

ಸುಬ್ರಮಣಿಗೆ ತಡೆಯಲಾಗಲಿಲ್ಲ. ಕಾರ್ಡು ಹಚ್ಚಿದ್ದ ಗೋಡೆಯವರೆಗೆ ನಡೆದು ಬಗ್ಗಿ ನೋಡಿದ. ಕರಿ ವೃತ್ತದ ನಟ್ಟನಡುವಿನ ಬಿಳಿ ಚುಕ್ಕಿ ಇರಲಿಲ್ಲ. ಅದಿದ್ದ ಕಡೆ ತೂತೊಂದರಲ್ಲಿ ಹಿಂದಿನ ಹಲಗೆ ಕಾಣುತ್ತಿತ್ತು. ಅದನ್ನೇ ನೋಡುತ್ತ ಅವನು ಅಲ್ಲೇ ನಿಂತುಬಿಟ್ಟ.

ಹಿಂದೆ ಲಿಖಿತ ಇನ್ನೊಂದು ಗುಂಡನ್ನು ಕೈಯಲ್ಲಿ ಹಿಡಿದು, ರೈಫಲಿನ ಮೂತಿಯನ್ನು ನೆಲಕ್ಕೆ ಮಾಡಿ ಕಾಯುತ್ತಿದ್ದಳು.

"ಅಪ್ಪಾ," ಎಂದಳು, "ವಸಿ ಸರ್ಕೊ."

ಅವನು ಅವಳ ಬೆನ್ನ ಹಿಂದೆ ಬಂದು, ಹುಲ್ಲಿನ ಹೊರೆಯ ಪಕ್ಕ ಉಸಿರು ಬಿಗಿಹಿಡಿದು ನಿಂತ.