ಲಿಂದಾಲ್ವಳ ಮೇಕೆ ಟವೆಲ್ ಹತ್ತಿದ ಕಥೆ

ನಮ್ಮ ಕೋಳಿ ಪಕ್ಕದ ಮನೆಯ ಸಾರಿನಲ್ಲಿ ಕುದಿಯುತ್ತಿದ್ದರೆ ಊರು ಒಂದಾಗುವ ಹಾಗೆ ಕೂಗಾಡುತ್ತೇವೆ. ನಾವು ಕೆತ್ತಿದ ಚಿತ್ರ ಇನ್ನೊಬ್ಬರ ಅಂಗಡಿಯಲ್ಲಿ ನೇತಾಡುತ್ತಿದ್ದರೆ? ಆಗ ಏನು ಮಾಡಬೇಕೆಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಬೆಜೆರೋಸ್ ಪಟ್ಟಣದ ಲಿಂದಾಲ್ವಳಿಗೂ ಗೊತ್ತಿರಲಿಲ್ಲ.

ಲಿಂದಾಲ್ವ ಮರದ ಅಚ್ಚು ಕೆತ್ತುವವಳು. ಉಂಬುರಾನ ಮರದ ಹಲಗೆಯ ಮೇಲೆ ಚಿತ್ರ ಕೊರೆದು, ಕಪ್ಪು ಮಸಿ ಸವರಿ, ಕಾಗದ ಒತ್ತಿ ತೆಗೆಯುತ್ತಾಳೆ. ಸಂತೆಯಲ್ಲಿ ದಾರಕ್ಕೆ ನೇತುಹಾಕಿ ಮಾರುವ ಪದ್ಯದ ಪುಸ್ತಿಕೆಗಳಿಗೆ ಅವಳದೇ ಮುಖಪುಟ. ಹಲಗೆಯ ಮೂಲೆಯಲ್ಲಿ ತನ್ನ ಹೆಸರನ್ನು ತಿರುವುಮುರುವಾಗಿ ಕೆತ್ತುತ್ತಾಳೆ. ಕಾಗದದ ಮೇಲೆ ಅದು ನೆಟ್ಟಗೆ ಬೀಳುತ್ತದೆ. ಕೆತ್ತನೆ ಕಲಿಸಿದ ಅಪ್ಪ ಅದನ್ನೂ ಕಲಿಸಿ ಹೋಗಿದ್ದ.

ಮನೆ ಮನೆಯ ಮುಂದೆ ಬೆಂಕಿ ಹಾಕುವ ಜೂನ್ ಹಬ್ಬ ಹತ್ತಿರವಾಗಿತ್ತು. ಕಡುಬಿಗೆ ಎಳೆ ಮುಸುಕಿನ ಜೋಳ ತರಲು ಹೊರಟ ಲಿಂದಾಲ್ವ ಬಸ್ ನಿಲ್ದಾಣದ ಬಳಿಯ ಅಂಗಡಿಯೊಂದರ ಮುಂದೆ ನಿಂತುಬಿಟ್ಟಳು. ಬಾಗಿಲ ತುಂಬ ಹೊಸ ಟವೆಲ್‌ಗಳು. ಪ್ರತಿಯೊಂದರ ಮೇಲೂ ಕಾಲ ಮೇಲೆ ಕಾಲು ಹಾಕಿ ಕೂತು, ಕಣ್ಣು ಮುಚ್ಚಿ, ಅಕಾರ್ಡಿಯನ್ ನುಡಿಸುವ ಮೇಕೆ. ಹೋದ ವರ್ಷ ಅವಳೇ ಒಂದು ಪುಸ್ತಿಕೆಗಾಗಿ ಕೆತ್ತಿದ ಮೇಕೆ!

ಅವಳಿಗೆ ಮೊದಲು ಸಿಟ್ಟು ಬರಲಿಲ್ಲ. ಸೋಜಿಗವಾಯಿತು. ಟವೆಲ್ ಎಳೆದು ಮೂಗಿನ ಹತ್ತಿರ ಹಿಡಿದು ನೋಡಿದಳು. ಗಡ್ಡದ ಗೆರೆಗಳು ಅವೇ. ಕೊಂಬಿನ ವಾರೆ ಅದೇ. ಮೂಲೆಯೊಂದೇ ಬೇರೆ. ಅಲ್ಲಿ ಲಿಂದಾಲ್ವ ಎಂಬ ಹೆಸರಿರಬೇಕಿತ್ತು. ಅದರ ಜಾಗದಲ್ಲಿ ಪುಟ್ಟದೊಂದು ಪಾಪಾಸುಕಳ್ಳಿ ಬೆಳೆದಿತ್ತು.

“ತಗೊಳ್ಳಿ ಅಕ್ಕ, ರೆಸಿಫೆ ನಗರದ ದೊಡ್ಡ ಕಂಪನಿ ಮಾಲು. ಎಷ್ಟು ಒಗೆದ್ರೂ ಬಣ್ಣ ಹೋಗಲ್ಲ,” ಎಂದ ಅಂಗಡಿಯವನು.

“ಬಣ್ಣ ಹೋಗಲ್ಲ ಸರಿ, ಈ ಚಿತ್ರ ಯಾರದು?”

“ಚಿತ್ರಾನಾ? ಟವೆಲ್‌ದೇ ಅಲ್ವಾ ಅಕ್ಕ!”

ಜೋಳದ ಜೊತೆ ಒಂದು ಟವೆಲನ್ನೂ ಕೊಂಡು ಅವಳು ಮನೆಗೆ ಬಂದಳು. ಗಂಡ ಜೆನಿವಾಲ್ ಬಾಡಿಗೆ ಬೈಕ್ ಓಡಿಸುವವನು. ಆಗಷ್ಟೇ ಹೆಲ್ಮೆಟ್ ತೆಗೆದು ಕಾಫಿ ಹೀರುತ್ತಿದ್ದ. ಟವೆಲ್ ನೋಡಿ ಅವನ ಮುಖ ಅರಳಿತು.

“ಅರೆ, ನಮ್ಮ ಮೇಕೆ! ನೋಡೇ, ಎಷ್ಟು ಫೇಮಸ್ ಆಗಿಬಿಟ್ಟಿದೀಯ!”

“ನಾನೆಲ್ಲಿ ಆದೆ? ಮೇಕೆ ಆಯ್ತು. ನನ್ನ ಹೆಸರೆಲ್ಲಿದೆ ಹುಡುಕು ನೋಡೋಣ.”

ಜೆನಿವಾಲ್ ಟವೆಲನ್ನು ಹಿಂದೆ ಮುಂದೆ ತಿರುಗಿಸಿದ. ಅವನ ದನಿ ಇಳಿಯಿತು. “ಹೋಗ್ಲಿ ಬಿಡೇ. ಅವರು ದೊಡ್ಡ ಕಂಪನಿಯವರು. ಕೋರ್ಟಿಗೆ ಹೋದ್ರೆ ಗೆದ್ದವ ಸೋತ, ಸೋತವ ಸತ್ತ. ಅಷ್ಟಕ್ಕೂ ಈ ಸೀಮೆಯಲ್ಲಿ ಮೇಕೆ ಕೆತ್ತದವರು ಯಾರಿದ್ದಾರೆ?”

ಆ ಕೊನೆಯ ಮಾತು ಲಿಂದಾಲ್ವಳ ತಲೆಯಲ್ಲಿ ಹುಳ ಬಿಟ್ಟಿತು. ಹೌದಲ್ಲ, ಮೇಕೆ ಎಲ್ಲರದು. ಹಾಗಾದರೆ ಇದರಲ್ಲಿ ತನ್ನದು ಯಾವುದು? ಮೈಯೋ, ಗಡ್ಡವೋ, ಮುಚ್ಚಿದ ಕಣ್ಣೋ?

ಮರುದಿನ ಗೆಳತಿ ಇವೊನೆಟ್ ಬಂದಳು. ಅವಳು ತಂತಿವಾದ್ಯ ಹಿಡಿದು ನಿಂತಲ್ಲೇ ಪದ ಕಟ್ಟಿ ಹಾಡುವವಳು. ಅವಳ ಹಾಡೊಂದನ್ನು ಹಿಂದೆ ಯಾರೋ ಕದ್ದು, ತಮ್ಮ ಹೆಸರು ಹಾಕಿಕೊಂಡು ಸಿ.ಡಿ. ಮಾಡಿದ್ದರು. ಇವೊನೆಟ್ ಬಿಡದೆ ಕಾನೂನಿನ ದಾರಿ ಹಿಡಿದು ಹೆಸರು ವಾಪಸ್ ಪಡೆದಿದ್ದಳು.

“ಟವೆಲ್ ಕೊಂಡ ಬಿಲ್ ಎಲ್ಲಿ?” ಇವೊನೆಟ್ ಮೊದಲು ಕೇಳಿದ್ದೇ ಇದು.

“ಜೋಳದ ಸಿಪ್ಪೆ ಜೊತೆ ಹೋಯ್ತು.”

“ಅಯ್ಯೋ ನಿನ್ನ! ನಡಿ, ಇನ್ನೊಂದು ಟವೆಲ್ ತಗೊಳ್ಳೋಣ. ಈ ಸಲ ಬಿಲ್ ಸಮೇತ.”

“ಕಳ್ಳನಿಗೆ ಎರಡು ಸಲ ದುಡ್ಡು ಕೊಡೋದಾ? ಚೆನ್ನಾಗಿದೆ ನಿಮ್ಮ ಬುದ್ಧಿ!” ಜೆನಿವಾಲ್ ಒಳಗಿನಿಂದಲೇ ಕೂಗಿದ.

“ಸಾಕ್ಷಿಗೆ ಕೊಡೋದು ಭಾವ, ಕಳ್ಳನಿಗಲ್ಲ,” ಎಂದು ಇವೊನೆಟ್ ನಕ್ಕಳು.

ಇಬ್ಬರೂ ಉಚಿತ ಕಾನೂನು ನೆರವಿನ ಸರ್ಕಾರಿ ಕಚೇರಿಗೆ ಹೋದರು. ಮರದ ಹಲಗೆ, ಆ ಮೇಕೆ ಇದ್ದ ಪುಸ್ತಿಕೆ, ಟವೆಲ್, ಬಿಲ್, ಎಲ್ಲವೂ ಚೀಲದಲ್ಲಿದ್ದವು. ವಕೀಲೆ ನೊಯೆಮಿಯಾ ಹಲಗೆಯ ಮೇಲೆ ಬೆರಳಾಡಿಸಿ, “ಕೇಳಿ, ಏನು ಅನುಮಾನ ಇದ್ರೂ ಕೇಳಿ,” ಎಂದರು. ಲಿಂದಾಲ್ವಳಿಗೆ ಅಷ್ಟೇ ಬೇಕಿತ್ತು.

“ಮೇಡಂ, ಮೇಕೆ ಎಲ್ಲರದಲ್ವಾ?”

“ಮೇಕೆ ಎಲ್ಲರದು. ಮೇಕೆ ವಾದ್ಯ ನುಡಿಸುತ್ತೆ ಅನ್ನೋ ಯೋಚನೆನೂ ಎಲ್ಲರದು. ನಾಳೆ ಪಕ್ಕದ ಬೀದಿಯವರು ತಮ್ಮ ಕೈಯಾರೆ ಬೇರೆ ಮೇಕೆ ಕೆತ್ತಬಹುದು. ಆದ್ರೆ ಈ ಗೆರೆ, ಈ ಗಡ್ಡ, ಈ ಕೂತ ಭಂಗಿ ನಿಮ್ಮ ಕೈಯಿಂದ ಬಂದದ್ದು. ಅದು ನಿಮ್ಮ ಕೃತಿ.”

“ನಾನು ಎಲ್ಲೂ ನೋಂದಣಿ ಮಾಡಿಸಿಲ್ವಲ್ಲ?”

“ಬೇಕಾಗಿಲ್ಲ. ಕೃತಿ ಹುಟ್ಟಿದ ಗಳಿಗೆಯಲ್ಲೇ ಹಕ್ಕೂ ಹುಟ್ಟುತ್ತೆ. ನೋಂದಣಿ ಇದ್ರೆ ಸಾಕ್ಷಿಗೆ ಬಲ ಬರುತ್ತೆ, ಅಷ್ಟೇ. ನಿಮ್ಮ ಹತ್ರ ಹಲಗೆ ಇದೆ, ಇಸವಿ ಅಚ್ಚಾಗಿರೋ ಪುಸ್ತಿಕೆ ಇದೆ.”

“ಯಾರೋ ಪ್ರವಾಸಿಗಳು ಈ ಚಿತ್ರದ ಹಾಳೆ ದುಡ್ಡು ಕೊಟ್ಟೇ ಕೊಂಡಿದ್ರು. ಅವರಿಂದ ಹೋಗಿದ್ರೆ?”

“ಹಾಳೆ ಅವರದು. ಗೋಡೆಗೆ ಹಾಕ್ಕೊಳ್ಳಲಿ, ಮಗಳ ಮದುವೆಗೆ ಉಡುಗೊರೆ ಕೊಡಲಿ. ಅದನ್ನ ನೋಡಿ ಸಾವಿರ ಅಚ್ಚು ಹಾಕೋ ಹಕ್ಕನ್ನ ನೀವು ಮಾರಿಲ್ಲ. ಅದನ್ನ ಬರಹದಲ್ಲೇ ಕೊಡಬೇಕು.”

ಕಂಪನಿಯ ಜಾಲತಾಣದಲ್ಲೂ ಟವೆಲ್ ಮಾರಾಟಕ್ಕಿತ್ತು. ನಾಳೆ ಅಳಿಸಿಹಾಕಿ ‘ನಾವು ಮಾರಲೇ ಇಲ್ಲ’ ಎಂದರೆ ಕಷ್ಟ. ಅದಕ್ಕಾಗಿ ಆ ಪುಟವನ್ನು ನೋಟರಿಯ ಮುಂದೆ ತೆರೆದು, ಇಂಥ ದಿನ ಇಂಥದ್ದು ಕಂಡಿತು ಎಂದು ಬರೆಸಿ ಮುದ್ರೆ ಹಾಕಿಸಿದರು. ಆಮೇಲೆ ಕಂಪನಿಗೆ ನೋಟಿಸ್ ಹೋಯಿತು. ಮಾರಾಟ ನಿಲ್ಲಿಸಿ, ಕಲಾವಿದೆಯ ಹೆಸರು ಪ್ರಕಟಿಸಿ, ನಷ್ಟ ತುಂಬಿಕೊಡಿ ಎಂದು ಅದರಲ್ಲಿತ್ತು.

ಉತ್ತರ ಬರುವ ಹೊತ್ತಿಗೆ ಹಬ್ಬದ ಬೆಂಕಿಗುಡ್ಡೆಗಳು ಆರಿ ಬೂದಿಯಾಗಿದ್ದವು. ಲಿಂದಾಲ್ವ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು. “ಈ ಚಿತ್ರ ಜನಪದ ಕಲೆಯಾಗಿದ್ದು, ಇದಕ್ಕೆ ಕರ್ತೃ ಎಂಬುವವರು ಯಾರೂ ಇಲ್ಲ.”

ಅಲ್ಲಿಯವರೆಗೆ ‘ಬಿಡೇ, ಬಿಡೇ’ ಎನ್ನುತ್ತಿದ್ದ ಜೆನಿವಾಲ್ ಕಾಫಿ ಲೋಟವನ್ನು ಠಣ್ಣನೆ ಕುಕ್ಕಿದ.

“ಯಾರೂ ಇಲ್ವಾ? ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಜೊತೆ ಸಂಸಾರ ಮಾಡ್ತಾ ಇದೀನಿ? ಬೆರಳು ಕುಯ್ದುಕೊಂಡಾಗಲೆಲ್ಲ ನಾನು ಬಟ್ಟೆ ಕಟ್ಟಿದ್ದು ಯಾರಿಗೆ? ದೆವ್ವಕ್ಕಾ? ನಡಿಯೇ ಕೋರ್ಟಿಗೆ. ಬೈಕಲ್ಲಿ ನಾನೇ ಕರ್ಕೊಂಡು ಹೋಗ್ತೀನಿ!”

“ಗೆದ್ದವ ಸೋತ, ಸೋತವ ಸತ್ತ ಅಂತಿದ್ದೆಯಲ್ಲ?”

“ಸಾಯ್ತೀನಿ, ಪರವಾಗಿಲ್ಲ. ಗಾಡಿ ಹತ್ತು!”

ನೊಯೆಮಿಯಾ ದಾವೆ ಹೂಡಿದರು. ಹಲಗೆಯನ್ನೂ ಟವೆಲನ್ನೂ ಅಕ್ಕಪಕ್ಕ ಇಟ್ಟು ನೋಡಿದ ನ್ಯಾಯಾಧೀಶೆ, ತೀರ್ಪು ಬರುವವರೆಗೆ ಕಾಯದೆ, ಮಾರಾಟ ಕೂಡಲೇ ನಿಲ್ಲಬೇಕು, ಉಳಿದ ಟವೆಲ್‌ಗಳನ್ನು ಜಪ್ತಿ ಮಾಡಬೇಕು ಎಂದು ಆದೇಶ ಕೊಟ್ಟರು. ಎಷ್ಟು ಮಾರಿದೆವೋ ಲೆಕ್ಕವಿಲ್ಲ ಎಂದಿತು ಕಂಪನಿ.

“ಲೆಕ್ಕ ಸಿಗದಿದ್ರೆ ಮೂರು ಸಾವಿರ ಪ್ರತಿಯ ಬೆಲೆ ಕಟ್ಟಿಸಬಹುದು ಅಂತ ನಮ್ಮ ಕಾನೂನಲ್ಲೇ ಇದೆ,” ಎಂದರು ನೊಯೆಮಿಯಾ. ಕಂಪನಿ ರಾಜಿ ಮಾತುಕತೆಗೆ ಬಂತು.

ಮಾತುಕತೆಯ ದಿನ ಉದ್ದ ಮೇಜಿನ ಆಚೆ ಕಂಪನಿಯ ವಕೀಲರು, ಅವರ ಪಕ್ಕದಲ್ಲಿ ಟವೆಲ್‌ಗೆ ವಿನ್ಯಾಸ ಮಾಡಿದ ಎವಾಂದ್ರೊ ಎಂಬ ನಡುವಯಸ್ಸಿನವನು. ಅವನು ತಲೆ ಎತ್ತಿರಲಿಲ್ಲ. ವಕೀಲರು ಪರಿಹಾರದ ಮಾತು ಶುರು ಮಾಡುವಷ್ಟರಲ್ಲಿ ಲಿಂದಾಲ್ವ ಕೈ ಎತ್ತಿದಳು.

“ಅದಕ್ಕೆ ಮೊದಲು ನನಗೊಂದು ವಿಷಯ ಗೊತ್ತಾಗಬೇಕು. ಅಣ್ಣ, ನೀವಿದನ್ನ ಹೇಗೆ ಮಾಡಿದ್ರಿ?”

ಬೈಗುಳಕ್ಕೆ ತಯಾರಾಗಿ ಬಂದಿದ್ದ ಎವಾಂದ್ರೊ ತಬ್ಬಿಬ್ಬಾದ. “ಯಾರೋ ಜಾಲತಾಣದಲ್ಲಿ ಫೋಟೊ ಹಾಕಿದ್ರು ಅಕ್ಕ. ದೊಡ್ಡದು ಮಾಡಿ, ಗೆರೆ ತೀಡಿ...”

“ಗಡ್ಡ ಚೆನ್ನಾಗಿ ತೀಡಿದೀರಿ. ಆ ಕಳ್ಳಿ ಯಾಕೆ ಹಾಕಿದ್ರಿ?”

“ಹೆಸರು ಅಳಿಸಿದ ಮೇಲೆ ಆ ಜಾಗ ಖಾಲಿ ಖಾಲಿ ಕಾಣ್ತಿತ್ತು.”

“ಖಾಲಿ ಇರಲಿಲ್ಲ ಅಣ್ಣ,” ಎಂದಳು ಲಿಂದಾಲ್ವ ಮೆಲ್ಲಗೆ. “ಅಲ್ಲಿ ನಾನಿದ್ದೆ.”

ಕಂಪನಿಯ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಎವಾಂದ್ರೊ ಮೊದಲ ಸಲ ಅವಳ ಮುಖ ನೋಡಿ, “ತಪ್ಪಾಯ್ತು,” ಎಂದ.

ಅವತ್ತೇ ರಾಜಿ ಬರಹಕ್ಕೆ ಬಂತು. ಕಂಪನಿ ನಷ್ಟ ತುಂಬಿಕೊಟ್ಟಿತು. ಜಪ್ತಿಯಾದ ಟವೆಲ್‌ಗಳೆಲ್ಲ ಲಿಂದಾಲ್ವಳ ಪಾಲಾದವು. ಮೇಕೆ ಯಾರದೆಂದು ರೆಸಿಫೆಯ ಪತ್ರಿಕೆಯಲ್ಲಿ ಕಂಪನಿ ತನ್ನ ಖರ್ಚಿನಲ್ಲೇ ಪ್ರಕಟಿಸಿತು. ಮುಂದೆ ಈ ಚಿತ್ರ ಬೇಕೆಂದರೆ ಒಪ್ಪಂದ ಬರೆದು, ಹೆಸರು ಹಾಕಿ, ಅವಳು ಒಪ್ಪಿದಷ್ಟೇ ಅಚ್ಚು ಹಾಕಬೇಕೆಂದೂ ಆಯಿತು. ‘ಕೊಡ್ತೀರಾ ಅಕ್ಕ?’ ಎಂದು ಕಂಪನಿಯವರು ಕೇಳಿದಾಗ ಲಿಂದಾಲ್ವ, “ಯೋಚನೆ ಮಾಡಿ ಹೇಳ್ತೀನಿ,” ಎಂದಳು. ಇಲ್ಲ ಎನ್ನುವ ಹಕ್ಕೂ ತನಗಿದೆ ಎಂದು ಅವಳಿಗೆ ಗೊತ್ತಾಗಿತ್ತು. ಆ ರುಚಿಯನ್ನು ಸ್ವಲ್ಪ ಹೊತ್ತು ಸವಿಯೋಣ ಅನ್ನಿಸಿತು.

ಜೆನಿವಾಲ್ ಪತ್ರಿಕೆಯ ಆ ತುಂಡನ್ನು ಪ್ಲಾಸ್ಟಿಕ್ ಹೊದಿಸಿ ಬೈಕಿನ ಟ್ಯಾಂಕಿಗೆ ಅಂಟಿಸಿದ್ದಾನೆ. ಹಿಂದೆ ಕೂತವರು ಎಲ್ಲಿಗೆ ಹೋಗಬೇಕೆಂದು ಹೇಳುವ ಮೊದಲೇ, “ಇದನ್ನ ಓದಿದ್ರಾ?” ಎನ್ನುತ್ತಾನೆ. ಬೊಂಬೆ ಮಾಡುವ ಒಬ್ಬಾಕೆ, ಹಾಡು ಕಟ್ಟುವ ಇಬ್ಬರು ಅವನ ಬೈಕ್ ಹತ್ತಿಯೇ ನೊಯೆಮಿಯಾ ಅವರ ಕಚೇರಿ ಮುಟ್ಟಿದ್ದಾರೆ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನೀವು ಯಾವ ಸೀಮೆಯವರಾದರೂ ಸರಿ. ಕಸೂತಿ ಹಾಕುತ್ತೀರೋ, ಪದ ಕಟ್ಟುತ್ತೀರೋ, ಫೋಟೊ ತೆಗೆಯುತ್ತೀರೋ, ಮಾಡಿದ್ದರ ಮೇಲೆ ಹೆಸರು ಮತ್ತು ದಿನಾಂಕ ಹಾಕಿ. ಕರಡು, ಹಲಗೆ, ಹಳೆಯ ಪ್ರತಿಗಳನ್ನು ಒಲೆಗೆ ಹಾಕಬೇಡಿ. ಬಾಯಿ ಮಾತಿನಲ್ಲಿ ಒಪ್ಪಿಗೆ ಕೊಡಬೇಡಿ, ಬರೆಸಿಕೊಳ್ಳಿ. ಕಳುವಾಗಿದ್ದು ಕಂಡರೆ ಜಗಳಕ್ಕಿಂತ ಮೊದಲು ಸಾಕ್ಷಿ ಹಿಡಿಯಿರಿ, ಆಮೇಲೆ ಹತ್ತಿರದ ಉಚಿತ ಕಾನೂನು ನೆರವಿನ ಕೇಂದ್ರದ ಬಾಗಿಲು ತಟ್ಟಿ. ಇನ್ನೊಬ್ಬರ ಕೃತಿ ನಿಮಗೆ ಬೇಕಾದರೆ? ಮಾಡಿದವರನ್ನು ಹುಡುಕಿ ಒಂದು ಮಾತು ಕೇಳಿ. ಕೇಳುವುದಕ್ಕೆ ಕಾಸು ಖರ್ಚಾಗುವುದಿಲ್ಲ.