ಎಡಗಡೆಯ ಮುಚ್ಚಳ

"ಬೆರಳಗಲ ಬಂತು ನೋಡು," ಎಂದು ಟ್ರೇಲರಿನ ಅಡಿಯಿಂದ ಪಾನಾ ಅಕ್ಕನ ದನಿ ಕೇಳಿಸಿತು. "ಕಬ್ಬಿಣಾನೇ ನನ್ನ ಮಾತು ಕೇಳುತ್ತೆ. ಇನ್ನು ಈ ಪ್ಲಾಸ್ಟಿಕ್ ಮುಚ್ಚಳ ಯಾವ ಲೆಕ್ಕ."

ತಂಗಿ ಕೊಳೆನೀರು ಹಿಡಿಯಲೆಂದು ಬಕೆಟ್ ಇಟ್ಟುಕೊಂಡು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕೂತು ಎರಡು ಗಂಟೆಯಾಗಿತ್ತು. ಬಕೆಟ್ಟಿಗೆ ಒಂದು ಹನಿಯೂ ಬಿದ್ದಿರಲಿಲ್ಲ. ಒಳಗೇ ವಾಸಿಸಲು ಮಾಡಿದ ಆ ಗಾಡಿಯ ಎಡಮಗ್ಗುಲಲ್ಲಿ, ಚಕ್ರದ ಹಿಂದೆ, ಬಚ್ಚಲು ಪಾಯಿಖಾನೆಗಳ ನೀರು ಹೊರಹೋಗುವ ದಪ್ಪ ಕೊಳವೆಯಿತ್ತು. ಅದರ ಬಾಯಿಗೆ ಅಂಗೈಯಗಲದ ಕಪ್ಪು ಮುಚ್ಚಳ; ತಿರುಗಿಸಿದರೆ ಅದರ ಕಿವಿಗಳು ಕೊಳವೆಯ ಗೂಟಗಳ ಅಡಿಗೆ ಹೋಗಿ ಸಿಕ್ಕಿಕೊಳ್ಳುತ್ತಿದ್ದವು. ಹಿಂದಿನ ಮಾಲೀಕ ಮೂರು ವರ್ಷ ಮುಟ್ಟದೆ ಬಿಟ್ಟಿದ್ದರಿಂದ ಅದು ಕೊಳವೆಯ ಜೊತೆಗೇ ಹುಟ್ಟಿದ ಹಾಗೆ ಕಚ್ಚಿಕೊಂಡಿತ್ತು.

ನಾಲ್ಕು ಗಂಟೆಗೆ, ಗಾಡಿಗಳನ್ನು ನಿಲ್ಲಿಸುವ ಈ ಅಂಗಳದ ಮೇಲ್ವಿಚಾರಕ ಬರುವವನಿದ್ದ. ಕೊಳೆನೀರಿನ ಬಾಯಿ ತೆರೆದು ಮುಚ್ಚುವುದನ್ನು ಕಣ್ಣಾರೆ ನೋಡಿ ಅವನು ಚೀಟಿ ಬರೆದುಕೊಟ್ಟರೆ ಮಾತ್ರ ನಾಳೆ ಸರೋವರದ ದಂಡೆಯ ಬಿಡಾರಕ್ಕೆ ಪ್ರವೇಶ. ಇಲ್ಲದಿದ್ದರೆ ಕಾದಿರಿಸಿದ ಹತ್ತು ದಿನ ಬೇರೆಯವರ ಪಾಲು, ಮತ್ತೆ ಜಾಗ ಸಿಗುವುದು ಮುಂದಿನ ವರ್ಷವೇ.

ಆ ಹತ್ತು ದಿನಕ್ಕಾಗಿ ತಂಗಿ ಎಷ್ಟು ಹಂಬಲಿಸಿದ್ದಳೆಂದು ಪಾನಾ ಅಕ್ಕನಿಗೆ ಗೊತ್ತಿತ್ತು. ತಂಗಿ ದರ್ಜಿ. ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು, ತಲೆ ಎತ್ತಿದಾಗಲೆಲ್ಲ ಸುಣ್ಣ ಬಳಿದ ಒಂದೇ ಗೋಡೆಯನ್ನು ನೋಡಿದವಳು. ಹೋದ ತಿಂಗಳು ಯಾರನ್ನೂ ಕೇಳದೆ ಈ ಹಳೇ ಟ್ರೇಲರನ್ನು ಕೊಂಡುಬಿಟ್ಟಿದ್ದಳು. ಅಕ್ಕನನ್ನೂ ಕೇಳಿರಲಿಲ್ಲ. ಅಕ್ಕನನ್ನು ಕೇಳದೆ ಅವಳು ಮಾಡಿದ ಮೊದಲ ದೊಡ್ಡ ಕೆಲಸ ಅದು. ಅಕ್ಕ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಾನಾಗಿಯೇ ಪಾನಾಗಳ ಪೆಟ್ಟಿಗೆ ಹೊತ್ತುಕೊಂಡು ಬಂದಿದ್ದಳು.

"ಯಾರನ್ನಾದ್ರೂ ಕರೆಸೋಣ" ಎಂದು ತಂಗಿ ಬೆಳಿಗ್ಗೆ ಬಾಯಿ ಬಿಟ್ಟದ್ದೇ ತಪ್ಪಾಯಿತು.

"ಯಾಕೆ, ನಾನು ಇಲ್ವಾ?" ಎಂದಿದ್ದಳು ಅಕ್ಕ. ಅಲ್ಲಿಗೆ ಆ ಮಾತು ಮುಗಿಯಿತು.

ಪಾನಾ ಅಕ್ಕ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವಳು; ನಟ್ಟು ತಿರುಗಿಸುವ ಪಾನಾದಿಂದಲೇ ಆ ಹೆಸರು ಬಂದಿತ್ತು. ಹೆಂಗಸು ಪಾನಾ ಹಿಡಿಯುವ ಚೆಂದ ನೋಡಲು ಮೊದಲ ವಾರ ಡ್ರೈವರುಗಳೆಲ್ಲ ಟೀ ಲೋಟ ಹಿಡಿದು ಸಾಲಾಗಿ ನಿಂತಿದ್ದರು. ಎರಡನೆಯ ವಾರ ಅವರೇ ತಮ್ಮ ಬಸ್ಸನ್ನು ಆಕೆಗೇ ಒಪ್ಪಿಸಬೇಕೆಂದು ಮೇಸ್ತ್ರಿಯ ಬೆನ್ನು ಬಿದ್ದರು. ಡಿಪೋದಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಮುಗಿಸಿದವರು ನಟ್ಟಿನಿಂದ ಪಕ್ಕದ ಲೋಹದ ಮೇಲೆ ಹಾಯುವಂತೆ ತಮ್ಮದೇ ಬಣ್ಣದ ಒಂದು ಗೆರೆ ಎಳೆಯಬೇಕು. ನಟ್ಟು ಅಲುಗಾಡಿದರೆ ಗೆರೆ ಮುರಿಯುತ್ತದೆ, ಯಾರ ಕೆಲಸ ಕೆಟ್ಟಿತೆಂದು ಬಣ್ಣ ಹೇಳುತ್ತದೆ. ಅವಳದು ಹಳದಿ. ಒಂದು ಹಳದಿ ಗೆರೆಯೂ ಯಾವತ್ತೂ ಮುರಿದಿರಲಿಲ್ಲ. ಅವಳು ಕೈಹಾಕಿದ ಕೆಲಸಕ್ಕೆ ಇನ್ನೊಬ್ಬರ ಬಣ್ಣ ಬಿದ್ದದ್ದೂ ಇಲ್ಲ.

ಇವತ್ತೂ ಶುರು ಚೆನ್ನಾಗಿಯೇ ಆಗಿತ್ತು. ಗಾಡಿಯ ಹಿಂಬದಿಯಲ್ಲಿ ಕುಡಿಯುವ ನೀರಿನ ಪೈಪು ಸಿಕ್ಕಿಸುವ ಹಿತ್ತಾಳೆ ಕಪ್ಲಿಂಗ್ ಉಪ್ಪುಕಟ್ಟಿ ಬೆಳ್ಳಗಾಗಿತ್ತು. ಅದಕ್ಕೆ ವಿನೆಗರಿನಲ್ಲಿ ನೆನೆಸಿದ ಬಟ್ಟೆ ಸುತ್ತಿ ಒಂದು ಗಂಟೆ ಬಿಟ್ಟು, ಮರದ ಸುತ್ತಿಗೆಯಿಂದ ಸುತ್ತಲೂ ಹಗುರವಾಗಿ ತಟ್ಟಿ, ಪಾನಾ ಹಾಕಿ ಎಡಕ್ಕೆ ಒತ್ತಿದಾಗ ಕರ್ ಎಂದು ಬಿಟ್ಟುಕೊಂಡಿತ್ತು. ಕೂಡಲೇ ಉಜ್ಜಿ, ಹೊಸ ವಾಷರ್ ಹಾಕಿ, ಮತ್ತೆ ಕೂರಿಸಿ, ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಹಳದಿ ಗೆರೆ ಎಳೆದಿದ್ದಳು. ಆಮೇಲೆ ಎಡಮಗ್ಗುಲಿಗೆ ಬಂದಳು. ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಹಲ್ಲುಕಚ್ಚಿ ತಿರುಗಿಸಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಈಗ, ಎರಡು ಗಂಟೆಯ ಮೇಲೆ, ಬೆರಳಗಲ.

"ಅಕ್ಕ, ಸ್ವಲ್ಪ ಸರಿ. ನೋಡ್ತೀನಿ," ಎಂದಳು ತಂಗಿ.

"ಬಟ್ಟೆ ಕೊಳೆಯಾಗುತ್ತೆ. ನೀನು ಬಿಡು, ನಾನು ಮಾಡ್ತೀನಿ."

ಈ ಮಾತನ್ನು ತಂಗಿ ಐವತ್ತು ವರ್ಷದಿಂದ ಕೇಳಿಕೊಂಡು ಬಂದಿದ್ದಳು. ಸೈಕಲ್ಲಿನ ಚೈನು ಕಳಚಿದಾಗ ಕೇಳಿದ್ದಳು, ಹೊಲಿಗೆ ಯಂತ್ರ ಕೆಟ್ಟಾಗ ಕೇಳಿದ್ದಳು, ಗಂಡ ತೀರಿಹೋಗಿ ಮನೆಯ ಕಾಗದಪತ್ರಕ್ಕೆ ಅಲೆಯಬೇಕಾದಾಗಲೂ ಕೇಳಿದ್ದಳು. ಅಕ್ಕ ಅದನ್ನು ಪ್ರೀತಿಯಿಂದಲೇ ಹೇಳುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ತಂಗಿ ಇವತ್ತು ಮಾತ್ರ ಸೊಪ್ಪು ಹಾಕಲಿಲ್ಲ. ಬಕೆಟ್ ಪಕ್ಕಕ್ಕೆ ತಳ್ಳಿ, ನೆಲದ ಮೇಲೆ ಅಂಗಾತ ಮಲಗಿ, ಅಕ್ಕನ ಭುಜಕ್ಕೆ ಭುಜ ತಾಗಿಸಿ ಒಳಗೆ ಸರಿದಳು.

ಬೆಳಿಗ್ಗೆ ಅವಳೇ ನೀಲಿ ಬಳಪದಿಂದ ಮುಚ್ಚಳಕ್ಕೂ ಕೊಳವೆಗೂ ಸೇರಿಸಿ ಒಂದು ಗೆರೆ ಎಳೆದಿದ್ದಳು. ಬಟ್ಟೆ ಬಿಚ್ಚುವ ಮೊದಲು ಗುರುತು ಹಾಕುವುದು ದರ್ಜಿಗಳ ರೂಢಿ. ಈಗ ಮುಚ್ಚಳದ ಮೇಲಿನ ಅರ್ಧ ಗೆರೆ ಬೆರಳಗಲ ಬಲಕ್ಕೆ ಸರಿದಿತ್ತು. ಅವಳು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಮುಚ್ಚಳದ ಕಿವಿಗಳು ಈ ಗೂಟಗಳ ಅಡಿಯಿಂದ ಹೊರಗೆ ಬರಬೇಕಲ್ವಾ ಅಕ್ಕ?"

"ಹೂಂ. ಬರ್ತಾ ಇವೆ."

"ಇಲ್ಲ. ಇನ್ನೂ ಒಳಗೆ ಹೋಗ್ತಾ ಇವೆ. ಎಡಕ್ಕೆ ತಿರುಗಿಸಬೇಕಿತ್ತೇನೋ."

"ನಿನಗೆ ಗೊತ್ತಾಗಲ್ಲ, ಬಿಡು. ಎಡಗಡೆದು ಯಾವಾಗ್ಲೂ ಉಲ್ಟಾ. ಬಲಕ್ಕೆ ತಿರುಗಿಸಿದ್ರೇನೇ..." ಎಂದವಳ ಮಾತು ಅಲ್ಲಿಗೇ ನಿಂತಿತು.

ಡಿಪೋದ ಹಳೇ ಬಸ್ಸುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳಿಗೆ ಉಲ್ಟಾ ತಿರುಪು. ಓಡುವಾಗ ಸಡಿಲವಾಗಬಾರದೆಂದು ಹಾಗೆ ಮಾಡಿರುತ್ತಿದ್ದರು. ಬಲಗಡೆದು ಎಡಕ್ಕೆ ಬಿಚ್ಚಬೇಕು, ಎಡಗಡೆದು ಬಲಕ್ಕೆ. ಮೂವತ್ತೊಂದು ವರ್ಷ ಹಾಗೆ ಬಿಚ್ಚಿದ ಕೈ, ಗಾಡಿಯ ಎಡಮಗ್ಗುಲು ಕಂಡ ಕೂಡಲೇ ಅವಳನ್ನು ಕೇಳದೆ ಬಲಕ್ಕೆ ತಿರುಗಿತ್ತು.

"ಇದು ಚಕ್ರ ಅಲ್ಲ ಅಕ್ಕ," ಎಂದಳು ತಂಗಿ ಮೆಲ್ಲಗೆ.

ಪಾನಾ ಅಕ್ಕನ ಕಿವಿ ಬಿಸಿಯಾಯಿತು. ಎರಡು ಗಂಟೆ ಕಾಲ ಬೆವರು ಸುರಿಸಿ ಅವಳು ಮುಚ್ಚಳವನ್ನು ಬಿಗಿಮಾಡುತ್ತಿದ್ದಳು. ತಂಗಿ ನಕ್ಕರೆ ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ತಂಗಿ ನಗಲಿಲ್ಲ.

"ಒಂದು ಸಲ ಬ್ಯಾಂಡಿನವರಿಗೆ ನಲವತ್ತು ಅಂಗಿ ಹೊಲಿದಿದ್ದೆ," ಎಂದಳು, ಗಾಡಿಯ ತಳ ನೋಡುತ್ತಲೇ. "ವರ್ಷವೆಲ್ಲ ಹೆಂಗಸರ ಬಟ್ಟೆ ಹೊಲಿದ ಕೈ ನೋಡು. ನಲವತ್ತಕ್ಕೂ ಗುಂಡಿ ಹೆಂಗಸರ ಬಟ್ಟೆಯ ಹಾಗೆ ಎಡಗಡೆಗೇ ಹಾಕಿಬಿಟ್ಟಿದ್ದೆ."

"ನನಗೆ ಹೇಳಲೇ ಇಲ್ಲ?"

"ಹೇಳಿದ್ರೆ ಬಂದು 'ನೀನು ಬಿಡು' ಅಂತಿದ್ದೆ. ನಾನೇ ಬಿಚ್ಚಿದೆ, ನಾನೇ ಮತ್ತೆ ಹೊಲಿದೆ. ನಲವತ್ತೂ."

ನಲವತ್ತು ಅಂಗಿಯ ವಿಷಯ ತನಗೆ ಗೊತ್ತಿಲ್ಲದೆ ಈ ಭೂಮಿಯ ಮೇಲೆ ನಡೆದುಹೋಗಿತ್ತಲ್ಲ ಎಂದು ಪಾನಾ ಅಕ್ಕನಿಗೆ ಆಶ್ಚರ್ಯವಾಯಿತು. ಆಮೇಲೆ ಟ್ಯೂಬಿನ ಪಟ್ಟಿಯನ್ನು ತಂಗಿಯ ಎದೆಯ ಮೇಲಿಟ್ಟು, ತೆವಳಿಕೊಂಡು ಹೊರಗೆ ಬಂದಳು.

ಆಗ ಮೂರೂಕಾಲು ಗಂಟೆ. ತಂಗಿ ಬಟ್ಟೆಯೊಂದನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಮುಚ್ಚಳಕ್ಕೆ ಸುತ್ತಿದಳು. ಆರಿದ ಹಾಗೆಲ್ಲ ಮತ್ತೆ ಅದ್ದಿದಳು. ಗುಂಡಿಯ ಕಾಜದ ಅಂಚು ನೋಡುವವಳಂತೆ ಮುಚ್ಚಳದ ಸಂದನ್ನು ಸುತ್ತಲೂ ನೋಡಿ, ಅಲ್ಲಿಗೆ ಸೂಜಿಯಿಂದ ಸೋಪಿನ ನೀರು ಇಳಿಸಿದಳು. ಅಕ್ಕ ಪಕ್ಕದಲ್ಲಿ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದಳು. ಕೈ ಹಾಗೆ ಕಟ್ಟಿಕೊಳ್ಳದಿದ್ದರೆ ಅದು ಸುಮ್ಮನಿರುವ ಪೈಕಿ ಅಲ್ಲ. ಎರಡು ಸಲ ಬಾಯಿ ತೆರೆದು ಮುಚ್ಚಿಕೊಂಡಳು.

"ಒಳಗಿನ ಟ್ಯಾಂಕಿನ ವಾಲ್ವ್ ಮುಚ್ಚಿದೆ ತಾನೇ?" ಎಂದಳು ಮೂರನೇ ಸಲ.

"ಆಗಲೇ ನೋಡಿದೆ."

"ಒಂದೇ ಸಲಕ್ಕೆ ಎಳೀಬೇಡ. ಮುನಿಸಿಕೊಂಡವರ ಹತ್ರ ಮಾತಾಡೋ ಹಾಗೆ. ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ."

ತಂಗಿ ಹಾಗೇ ಮಾಡಿದಳು. ಬಟ್ಟೆ ತೆಗೆದು, ಪಟ್ಟಿ ಸುತ್ತಿ, ಎರಡೂ ಕೈಯಿಂದ ಎಡಕ್ಕೆ ಎಳೆದಳು, ಬಿಟ್ಟಳು, ಎಳೆದಳು. ನೀಲಿ ಗೆರೆ ನಿಧಾನಕ್ಕೆ ಹಿಂದಕ್ಕೆ ಸರಿದು ತನ್ನ ಇನ್ನರ್ಧವನ್ನು ಕೂಡಿಕೊಂಡಿತು. ಅಲ್ಲಿ ಒಂದು ಕ್ಷಣ ತಡೆಯಿತು. ಆಮೇಲೆ ಟಕ್ ಎಂದು ದಾಟಿತು. ಮುಚ್ಚಳ ಅವಳ ಕೈಗೆ ಬಂತು, ಜೊತೆಗೆ ಕೊಳವೆಯಲ್ಲಿ ಮೂರು ವರ್ಷ ನಿಂತಿದ್ದ ನೀರು ಮೊಳಕೈಯವರೆಗೆ ಸುರಿಯಿತು. ಬಕೆಟ್ಟನ್ನು ಇಬ್ಬರೂ ಮರೆತಿದ್ದರು. ವಾಸನೆಗೆ ಅಕ್ಕ ಮೂಗು ಮುಚ್ಚಿಕೊಂಡಳು. ತಂಗಿ ಮಾತ್ರ ಮುಚ್ಚಳವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಮೇಲ್ವಿಚಾರಕ ಹೇಳಿದ ಹೊತ್ತಿಗೇ ಬಂದ. ತೊಳೆದು, ಅಂಚಿಗೆ ಜಿಡ್ಡು ಸವರಿದ ಮುಚ್ಚಳವನ್ನು ತಂಗಿ ಹಾಕಿ ತೆಗೆದು ಮತ್ತೆ ಹಾಕಿ ತೋರಿಸಿದಾಗ ಹುಬ್ಬೇರಿಸಿದ. ಹೋದ ತಿಂಗಳು ಅವನೂ ಇನ್ನೊಬ್ಬನೂ ಸೇರಿ ಇದೇ ಮುಚ್ಚಳಕ್ಕೆ ಸೋತು ಕೈಬಿಟ್ಟಿದ್ದರು.

"ನೀವಿದ್ದ ಮೇಲೆ ಆಗದೆ ಇರುತ್ತಾ, ಪಾನಾ ಅಕ್ಕ," ಎಂದ ಚೀಟಿ ಬರೆಯುತ್ತ. "ನಮ್ಮಪ್ಪ ನಿಮ್ಮ ಡಿಪೋದಲ್ಲೇ ಡ್ರೈವರ್. ಹಳದಿ ಗೆರೆ ಇಲ್ಲದ ಬಸ್ಸು ಹತ್ತುತ್ತಿರಲಿಲ್ಲ."

ಸುಮ್ಮನೆ ತಲೆ ಆಡಿಸಿದ್ದರೆ ಸಾಕಿತ್ತು. ತಂಗಿಯೂ ಏನೂ ಅನ್ನುತ್ತಿರಲಿಲ್ಲ. ಅವಳು ಆಗಲೇ ನೆಲದ ಮೇಲಿನ ಪಾನಾಗಳನ್ನು ಆರಿಸತೊಡಗಿದ್ದಳು.

"ನಾನು ಬಿಗಿ ಮಾಡ್ದೆ," ಎಂದಳು ಪಾನಾ ಅಕ್ಕ. "ಬಿಚ್ಚಿದ್ದು ನನ್ನ ತಂಗಿ."

ಅವನಿಗೆ ಅರ್ಥವಾಗಲಿಲ್ಲ. ಅದಕ್ಕೇ ಅವಳು ಎಡಗಡೆ ಚಕ್ರದಿಂದ ಹಿಡಿದು ನೀಲಿ ಬಳಪದವರೆಗೆ ಎಲ್ಲವನ್ನೂ, ತನ್ನ ತಪ್ಪನ್ನು ಒಂದಿಷ್ಟೂ ಮರೆಮಾಚದೆ, ಎದೆಯುಬ್ಬಿಸಿಕೊಂಡು ಹೇಳಿದಳು. ತನ್ನ ಕೆಲಸದ ಬಗ್ಗೆ ಕೂಡ ಅವಳು ಯಾವತ್ತೂ ಇಷ್ಟು ಹೆಮ್ಮೆಯಿಂದ ಮಾತಾಡಿರಲಿಲ್ಲ. ತಂಗಿ ಬೆನ್ನು ತಿರುಗಿಸಿ ನಿಂತು, ಆಗಲೇ ಒರೆಸಿದ್ದ ಪಾನಾವನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು.

ಅವನು ಹೋದ ಮೇಲೆ ಪಾನಾ ಅಕ್ಕ ಹಳದಿ ಡಬ್ಬಿ ತೆಗೆದಳು. ಅದರ ಮುಚ್ಚಳ ತೆರೆದು, ಕುಂಚ ಅದ್ದಿ, ತಂಗಿಯ ಕಡೆ ಚಾಚಿದಳು. ಏನನ್ನೋ ಯೋಚಿಸಿ ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

"ಇದು ನನ್ನ ಬಣ್ಣ. ನಿಂದು ಯಾವುದು?"

ತಂಗಿ ಗಾಡಿಯೊಳಗೆ ಹೋಗಿ ಚೀಲ ತಡಕಾಡಿ ಉಗುರಿಗೆ ಹಚ್ಚುವ ಬಣ್ಣದ ಸೀಸೆ ತಂದಳು. ದಾಳಿಂಬೆ ಕೆಂಪು. ಮಂಡಿಯೂರಿ, ಉಸಿರು ಬಿಗಿಹಿಡಿದು, ಮುಚ್ಚಳದಿಂದ ಕೊಳವೆಗೆ ಒಂದು ಗೆರೆ ಎಳೆದಳು, ಬಟ್ಟೆಯ ಮೇಲೆ ಎಳೆದಷ್ಟೇ ನೇರವಾಗಿ.

ಅಷ್ಟರಲ್ಲಿ ಪಕ್ಕದ ಸಾಲಿನಿಂದ ಯಾರದೋ ಗಾಡಿ ಹೊರಟು ಅಂಗಳದ ತುಂಬ ಧೂಳೆದ್ದಿತು. ಪಾನಾ ಅಕ್ಕ ಕುಕ್ಕರುಗಾಲಲ್ಲಿ ಕೂತು, ಹಸಿ ಗೆರೆಗೆ ತಾಗದ ಹಾಗೆ ಎರಡೂ ಅಂಗೈ ಮರೆಮಾಡಿ ಹಿಡಿದಳು, ಅದು ಒಣಗುವವರೆಗೂ.