ಕುಂಬಾರನ ಮಗಳ ಎಡಗಿವಿ

ಆವಿಗೆಯಲ್ಲಿ ಸುಟ್ಟ ಮಡಕೆಗಳನ್ನು ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಗಟ್ಟಿ ಯಾವುದು ಒಡಕು ಯಾವುದು ಎಂದು ಬೇರೆ ಮಾಡುವುದು ಕುಂಬಾರನ ಮಗಳ ಕೆಲಸ. ಹದಿನೇಳರ ಹುಡುಗಿ. ಅವಳ ಕೈ ದಾಟಿದ ಮಡಕೆಯಲ್ಲಿ ಬಿರುಕು ಇರುವುದಿಲ್ಲ ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಈ ಸಲ ಒಂದೇ ವಾರದಲ್ಲಿ ಆರು ಒಡಕು ಮಡಕೆ ವಾಪಸ್ ಬಂದವು.

ಅಮ್ಮನಿಗೆ ಕಾರಣ ಗೊತ್ತಿತ್ತು. ಮಗಳ ಎಡಗಿವಿ ಎರಡು ವರ್ಷದಿಂದ ಸೋರುತ್ತಿತ್ತು. ಬೆಳಗ್ಗೆ ಎದ್ದರೆ ದಿಂಬಿನ ಮೇಲೆ ಹಳದಿ ಕಲೆ, ವಾಸನೆ. ಈಗೀಗ ಆ ಕಡೆಯಿಂದ ಕರೆದರೆ ತಿರುಗುತ್ತಲೂ ಇರಲಿಲ್ಲ.

“ಬಿಸಿ ಎಣ್ಣೆ ಬಿಟ್ಟು ಹತ್ತಿ ಇಟ್ಟಿದ್ದೀನಲ್ಲ, ತಾನೇ ನಿಲ್ಲುತ್ತೆ,” ಎಂದ ಅಪ್ಪ.

ಹೂಜಿ ಕೊಳ್ಳಲು ಬಂದಿದ್ದ ಪಕ್ಕದ ಮನೆಯ ನರ್ಸಕ್ಕ ಅಲ್ಲೇ ಕುಳಿತಳು. “ಅಣ್ಣಾ, ಹಸಿ ಮಡಕೇನ ಆವಿಗೇಲಿ ಇಡ್ತೀಯಾ?”

“ಇಟ್ರೆ ಸಿಡಿಯುತ್ತೆ. ನನಗೇ ಪಾಠ ಹೇಳ್ತೀಯೇನಮ್ಮ?”

“ಮಡಕೆ ಒಣಗೋವರೆಗೆ ಕಾಯ್ತೀಯ, ಮಗಳ ಕಿವಿ ಒಣಗೋಕೆ ಮಾತ್ರ ಬಿಡಲ್ಲ. ಒಳಗೆ ಕಿವಿತಮಟೆ ತೂತಾಗಿರಬಹುದು. ಹೀಗೇ ಬಿಟ್ರೆ ಕೇಳಿಸೋದೇ ಹೋಗುತ್ತೆ. ಸೋಂಕು ಮೆದುಳಿನವರೆಗೂ ಹೋಗಬಹುದು. ನಾಳೆ ಕಿವಿ ಡಾಕ್ಟರ ಹತ್ರ ಹೋಗೋಣ.”

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತವನು ಅಪ್ಪನೇ.

ಡಾಕ್ಟರು ಕೀವು ತೆಗೆದು ಶುಚಿ ಮಾಡಿದರು. ತಮಟೆಯಲ್ಲಿ ತೂತಿತ್ತು. ಹನಿ ಔಷಧಿ ಕೊಟ್ಟು, ಎರಡು ವಾರ ತಪ್ಪದೆ ಹಾಕಿ, ಕಿವಿಗೆ ನೀರು ತಾಗಿಸಬೇಡಿ ಎಂದರು. ಐದನೇ ದಿನಕ್ಕೇ ಸೋರುವುದು ನಿಂತಿತು.

“ಇನ್ನು ಸಾಕು ಬಿಡು ಮಗಳೇ,” ಎಂದ ಅಪ್ಪ.

“ಬೆಂಕಿ ಆರೋ ಮೊದಲೇ ಆವಿಗೆ ಬಿಚ್ತೀಯಾ ಅಪ್ಪ? ಡಾಕ್ಟರು ಹೇಳಿದ ದಿನ ಮುಗೀಲಿ.”

ಅಪ್ಪ ಅಮ್ಮನ ಕಡೆ ತಿರುಗಿದ. “ಇವಳ ಬಾಯಿ ಪೂರ್ತಿ ನಿನ್ನದೇ.”

“ಬುದ್ಧೀನೂ ನಂದೇ,” ಎಂದಳು ಅಮ್ಮ.

ಹುಡುಗಿ ಒಂದು ಹೊತ್ತೂ ತಪ್ಪಿಸಲಿಲ್ಲ. ಕಿವಿ ಒಣಗಿತು, ತೂತು ಮುಚ್ಚಲಿಲ್ಲ. ಮೂರು ತಿಂಗಳ ನಂತರ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಅದನ್ನೂ ಮುಚ್ಚಿದರು.

ಗಾಯ ಮಾಗಿದ ಮೇಲೆ ಶ್ರವಣ ಪರೀಕ್ಷೆ. ಗಾಜಿನ ಕೋಣೆಯೊಳಗೆ ಮಗಳು, ಹೊರಗೆ ಅಪ್ಪ ಅಮ್ಮ. ಎಡಗಿವಿಗೆ ಸದ್ದು ಕೇಳಿದರೆ ಕೈ ಎತ್ತಬೇಕು. ಅವಳು ಎತ್ತಿದಳು. ಸದ್ದು ಇನ್ನೂ ಸಣ್ಣದಾಯಿತು, ಮತ್ತೆ ಎತ್ತಿದಳು. ಪ್ರತಿ ಸಲವೂ ಅಪ್ಪ ಪಕ್ಕದಲ್ಲಿ ಕುಳಿತ ಅಪರಿಚಿತರಿಗೆ ಹೇಳುತ್ತಿದ್ದ: “ನನ್ನ ಮಗಳು.” ಅಮ್ಮ ಅವನನ್ನು ಸುಮ್ಮನಿರಿಸಲು ಹೋಗಲಿಲ್ಲ.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಯಾರ ಕಿವಿಯಾದರೂ ಎರಡು ವಾರ ದಾಟಿ ಸೋರುತ್ತಿದೆಯೇ? ಎಣ್ಣೆ ಬೇಡ, ಕಡ್ಡಿ ಬೇಡ. ಈ ವಾರವೇ ಡಾಕ್ಟರಿಗೆ ತೋರಿಸಿ. ಜ್ವರ, ವಿಪರೀತ ತಲೆನೋವು, ತಲೆಸುತ್ತು ಇದ್ದರೆ ಅಥವಾ ಮುಖ ಸೊಟ್ಟಗಾದರೆ ಈ ಹೊತ್ತೇ ಹೊರಡಿ. ಸೋರುವುದು ನಿಂತರೂ ಔಷಧಿ ಅರ್ಧಕ್ಕೆ ಬಿಡಬೇಡಿ.